ಗುಬ್ಬಿಯಿಂದ ಬಂದ ಗಿಡಗಳು

ಸದಾಶಿವನಗರದ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಎಲ್ಲಕ್ಕಿಂತ ತಂಪಾಗಿದ್ದ ಜಾಗ ತಾರಸಿ ಎಂದರೆ ಬಂದವರು ನಂಬುತ್ತಿರಲಿಲ್ಲ. ಕೆಳಗೆ ಹಾಲಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂರುವಂತಿರಲಿಲ್ಲ. ಮೇಲೆ ಮಾತ್ರ, ನೀರಿನ ಟ್ಯಾಂಕಿನ ಪಕ್ಕ, ಕಬ್ಬಿಣದ ಪೈಪು ನಿಲ್ಲಿಸಿ ನೆರಳಿಗೆ ಹಸಿರು ನೆಟ್ಟಿನ ಪರದೆ ಎಳೆದು ಕಟ್ಟಿ, ಅದರಡಿಯಲ್ಲಿ ಅಮ್ಮ ಆರ್ಕಿಡ್ ಬೆಳೆಸುತ್ತಿದ್ದಳು. ತುಮಕೂರಿನ ಒಣ ಬಿಸಿಲಿಗೆ ಈ ಗಿಡ ಬರುವುದಿಲ್ಲ ಎಂದು ಕಂಡವರೆಲ್ಲ ಹೇಳಿದ್ದರು. ಅಮ್ಮ ನೆಲಕ್ಕೆ ಮರಳು ಹರಡಿ ಬೆಳಿಗ್ಗೆ ಸಂಜೆ ನೀರು ಚಿಮುಕಿಸುವಳು. ತೆಂಗಿನ ಮಟ್ಟೆ, ಇದ್ದಿಲು, ಒಡೆದ ಹೆಂಚಿನ ಚೂರು ತುಂಬಿದ ಕುಂಡಗಳನ್ನು ತಂತಿಗೆ ಸಾಲಾಗಿ ತೂಗುಹಾಕಿದ್ದಳು. ನೆಟ್ಟಿನ ಕೆಳಗೆ ಕಾಲಿಟ್ಟರೆ ಒದ್ದೆ ಮಟ್ಟೆಯ ವಾಸನೆ. ಬಾಲ್ಯದ ಮನೆಯನ್ನು ನೆನೆದರೆ ನನಗೆ ಮೊದಲು ಬರುವುದು ಆ ವಾಸನೆ. ಕೋಣೆಗಳು, ಬಾಗಿಲುಗಳು, ಮನೆಯ ಜನ ಎಲ್ಲ ಅದರ ಹಿಂದಿನಿಂದ ಬರುತ್ತಾರೆ.

ಮನೆಯಲ್ಲಿದ್ದವರು ನಾಲ್ಕೇ ಜನ. ಅಪ್ಪ ಗುಬ್ಬಿಯ ಕಾಲೇಜೊಂದರಲ್ಲಿ ಲೆಕ್ಕ ಕಲಿಸುತ್ತಿದ್ದರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಅಮ್ಮ, ನಾನು, ಮತ್ತು ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ. ಅವರದು ಕುಣಿಗಲ್ ಕಡೆ, ಮಾರ್ಕೋನಹಳ್ಳಿಯ ಹತ್ತಿರದ ಊರು. ನಮ್ಮಜ್ಜಿ ತೀರಿಕೊಂಡಾಗ ಅಪ್ಪ ಇನ್ನೂ ಅಂಬೆಗಾಲಿಕ್ಕುತ್ತಿದ್ದರಂತೆ. ಅತ್ತೆಯೇ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಓದಿಸಿ, ಹೆಣ್ಣು ನೋಡಿ ಮದುವೆ ಮಾಡಿದ್ದು. ಅತ್ತೆಗೂ ಮದುವೆಯಾಗಿತ್ತು, ಆದರೆ ಮಕ್ಕಳಾಗುವ ಮೊದಲೇ ಗಂಡ ಹೋಗಿಬಿಟ್ಟಿದ್ದರು. ತಮ್ಮನ ಮನೆಗೆ ಬಂದು ಸೇರಿದ ಮೇಲೆ ದೇವರ ಮನೆಯ ಪಕ್ಕದ ಕೋಣೆ ಅವರದಾಯಿತು. ಊಟಕ್ಕೆ ಅವರು ಬಂದು ಕೂರುವ ತನಕ ಅಪ್ಪ ಮುದ್ದೆ ಮುರಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಸರಿಯಿದೆ ಎಂದು ಅವರು ಹೇಳಿದರೆ ಸರಿ, ಕಡಿಮೆ ಎಂದರೆ ಕಡಿಮೆ. ಜೋರು ಮಾಡುವ ಹೆಂಗಸು ಎಂದು ಯಾರೂ ತಿಳಿಯಬಾರದು. ನನ್ನ ತಲೆಗೆ ಹರಳೆಣ್ಣೆ ಒತ್ತಿ ಜಡೆ ಹೆಣೆಯುತ್ತಿದ್ದವರು ಅವರೇ. ಜ್ವರ ಬಂದರೆ ಪಕ್ಕದಲ್ಲಿ ಮಲಗುತ್ತಿದ್ದವರು ಅವರೇ. ಮಧ್ಯಾಹ್ನದ ಊಟವಾದ ಮೇಲೆ ಅಮ್ಮನೂ ಅತ್ತೆಯೂ ಹಾಲಿನಲ್ಲಿ ಚಾಪೆ ಹಾಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಅವರೆಕಾಯಿ ಕಾಲವಾದರೆ ನೆನೆಸಿದ ಕಾಳು ಹಿದುಕುತ್ತ ಮಾತಾಡುತ್ತಿದ್ದರು. ಅತ್ತೆ ಬಲಗೈ ಹೆಬ್ಬೆರಳಿನ ಉಗುರನ್ನು ಕಾಳು ಹಿದುಕಲೆಂದೇ ಉದ್ದ ಬಿಟ್ಟಿದ್ದರು. ಊರಿನ ಯಾರ್ಯಾರದೋ ಸಂಸಾರದ ಕತೆಗಳು ಆ ಚಾಪೆಯ ಮೇಲೆ ಸಂಜೆಯವರೆಗೆ ನಡೆಯುತ್ತಿದ್ದವು.

ಆ ಚಾಪೆ ಖಾಲಿಯಾಗತೊಡಗಿದ್ದು ಜರೀನಾ ಆಂಟಿ ಪಕ್ಕದ ಮನೆಗೆ ಬಾಡಿಗೆಗೆ ಬಂದ ಮೇಲೆ. ಅವರ ಗಂಡನಿಗೆ ಪೇಟೆಯಲ್ಲಿ ಹಾಸಿಗೆ ದಿಂಬು ಹೊಲಿದು ಮಾರುವ ಅಂಗಡಿ ಇತ್ತು. ಜರೀನಾ ಆಂಟಿಯ ತವರು ಗುಬ್ಬಿ. ಅಲ್ಲಿ ಅವರ ಅಣ್ಣ ಮನೆಯ ಹಿಂದೆ ಆರ್ಕಿಡ್ ಬೆಳೆಸುತ್ತಿದ್ದರು. ಒಂದು ದಿನ ಬಟ್ಟೆ ಒಣಹಾಕಲು ತಮ್ಮ ತಾರಸಿಗೆ ಬಂದ ಆಂಟಿ, ನಮ್ಮ ನೆಟ್ಟಿನೊಳಗೆ ಅಮ್ಮ ಬೆಂಗಳೂರಿನಿಂದ ತಂದು ಒದ್ದಾಡುತ್ತಿದ್ದ ಕುಂಡಗಳನ್ನು ನೋಡಿ ಪ್ಯಾರಾಪೆಟ್ಟಿನ ಮೇಲೆ ಮೊಣಕೈ ಊರಿದರು.

"ಶಾರದಕ್ಕಾ, ನೀರು ಜಾಸ್ತಿ ಹಾಕ್ತಿದೀರ. ಬೇರು ಉಸಿರಾಡ್ಬೇಕು ಅದಕ್ಕೆ," ಅಂದರು. ಹೆಸರು ಹೇಗೆ ಗೊತ್ತು ಎಂದು ಅಮ್ಮ ಕೇಳಿದ್ದಕ್ಕೆ, "ನಿಮ್ಮ ಅತ್ತಿಗೆ ಕೂಗೋದು ನಮ್ಮ ಅಡಿಗೆಮನೆಗೂ ಕೇಳ್ಸುತ್ತಲ್ಲ," ಎಂದು ನಕ್ಕರು.

ಅಲ್ಲಿಂದ ಶುರು. ಆಂಟಿ ತವರಿಗೆ ಹೋದಾಗಲೆಲ್ಲ ತಾಯಿಗಿಡದ ಗೆಣ್ಣಿನಲ್ಲಿ ಒಡೆದ ಮರಿಗಳನ್ನು ತರುತ್ತಿದ್ದರು. ಕೆಲವು ಸಲ ಅವರ ಅಣ್ಣನೇ ಗುಬ್ಬಿ ಸ್ಟೇಷನ್ನಿಗೆ ತಂದುಕೊಟ್ಟು, ಅಪ್ಪ ಸಂಜೆಯ ರೈಲಿನಲ್ಲಿ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಜನ ನೋಡ್ತಾರೆ ಎಂದು ಅಪ್ಪ ಗೊಣಗಿದರೂ ಒಂದು ಎಲೆ ಮುರಿಯದಂತೆ ತರುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಅಮ್ಮನ ತಂತಿಯ ಮೇಲೆ ಅರ್ಧಕ್ಕರ್ಧ ಗುಬ್ಬಿಯ ಗಿಡಗಳಾದವು. ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡ ಕೂಡಲೇ ಅಮ್ಮ ಮೆಟ್ಟಿಲು ಹತ್ತುವಳು. ಆಂಟಿ ನಡುವಿನ ಗಿಡ್ಡ ಗೋಡೆ ದಾಟಿ ಬರುವರು. ರಂಜಾನಿಗೆ ಅವರು ಕೊಟ್ಟ ಶಾವಿಗೆಯ ಸುರ್‌ಕುಂಬಾ, ಸಂಕ್ರಾಂತಿಗೆ ನಾವು ಕೊಟ್ಟ ಎಳ್ಳು ಬೆಲ್ಲ ಆ ಗೋಡೆಯ ಮೇಲೆಯೇ ಕೈ ಬದಲಾಗುತ್ತಿತ್ತು. ಅಮ್ಮ ಅಷ್ಟು ಜೋರಾಗಿ ನಗುವುದನ್ನು ನಾನು ಕೆಳಗೆ ಯಾವತ್ತೂ ಕೇಳಿರಲಿಲ್ಲ. ಅತ್ತೆ ಹಾಲಿನಲ್ಲಿ ಒಬ್ಬರೇ ಎಲೆ ಅಡಿಕೆ ಹಾಕಿಕೊಂಡು, ಆ ನಗು ಕೇಳಿದಾಗಲೆಲ್ಲ ತಲೆಯೆತ್ತಿ ಸೂರು ನೋಡುತ್ತಿದ್ದರು. ಅವರಿಗೆ ಮಂಡಿನೋವು, ಸಂಡಿಗೆ ಹಾಕುವ ಕಾಲ ಬಿಟ್ಟರೆ ಮೇಲೆ ಹತ್ತುತ್ತಿರಲಿಲ್ಲ.

ಅಮ್ಮನಿಗೆ ಹತ್ತಿರದ ಕಣ್ಣು ಮಂಜು. ಕನ್ನಡಕ ಹಾಕಿದರೂ ಎಲೆಯ ಮೇಲಿನ ಚುಕ್ಕೆ ಕಾಣುತ್ತಿರಲಿಲ್ಲ. ಹಾಗಾಗಿ ಶಾಲೆಯಿಂದ ಬಂದ ಮೇಲೆ ಎಲೆ ನೋಡುವ ಕೆಲಸ ನನ್ನದಾಯಿತು. ಆಗ ನಾನು ಐದನೇ ಕ್ಲಾಸು. ಮೊದಲ ಸಲ ಎಲೆಯ ಮೇಲೆ ಬಿಳಿ ಮಚ್ಚೆ ಕಂಡು ಹುಳ ಹುಳ ಎಂದು ಓಡಿಹೋಗಿದ್ದೆ. ಅಮ್ಮ ನಿಂಬೆಹೋಳಿನಿಂದ ಉಜ್ಜಿದಳು, ಮಚ್ಚೆ ಹೋಯಿತು. ಬೋರ್‌ವೆಲ್ಲಿನ ಗಡಸು ನೀರು ಒಣಗಿ ಬಿಟ್ಟ ಕಲೆ.

"ಮೇಲ್ಗಡೆ ನೋಡಿ ಮಾತಾಡ್ಬೇಡ ಮಂಜು. ಎಲೆ ತಿರುಗ್ಸು. ಹುಳ ಇದ್ರೆ ಅಡೀಲಿ ಇರುತ್ತೆ," ಅಂದಳು.

ಆಮೇಲೆ ಕಲಿತದ್ದೆಲ್ಲ ಹೀಗೆಯೇ, ಒಂದೊಂದು ಎಲೆ ಕೈಯಲ್ಲಿ ಹಿಡಿದು. ನುಸಿ ರಸ ಹೀರಿದರೆ ಎಲೆಯ ಅಡಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಒತ್ತೊತ್ತಾಗಿ ಎದ್ದು, ಎಲೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಬಟ್ಟೆಯಿಂದ ಅಡಿಯನ್ನು ಒರೆಸಿದರೆ ಬಟ್ಟೆಗೆ ಕಂದು ಬಣ್ಣ ಹತ್ತುತ್ತದೆ. ನಮ್ಮ ಕಡೆ ತೆಂಗಿಗೆ ಬರುವ ನುಸಿಯ ಮಾತು ಎಲ್ಲರ ಮನೆಯಲ್ಲೂ ಇತ್ತು, ಹಾಗಾಗಿ ನನಗೆ ಅದು ಬೇಗ ಅರ್ಥವಾಯಿತು. ಹಿಟ್ಟು ತಿಗಣೆಯಾದರೆ ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯ ಹಾಗೆ ಕೂತಿರುತ್ತದೆ. ಕೈಗೆ ಅಂಟು, ಅಂಟಿನ ಹಿಂದೆ ಇರುವೆ. ಬಸವನಹುಳು ತಿಂದರೆ ತೂತು. ಪೆಟ್ಟಿನ ಗಾಯ ಬೇರೆ ಥರ. ಕುಂಡ ಎತ್ತುವಾಗ ಮಡಚಿದರೆ ಅಡ್ಡಗೆರೆ. ತಂತಿ ತಾಗಿದರೆ ಉದ್ದಗೆರೆ. ನೆಟ್ಟು ಸರಿದು ಬಿಸಿಲು ಬಿದ್ದರೆ ಬಿಸಿಲಿನ ಕಡೆಗೆ ಮಾತ್ರ ಕಾಗದದಂತೆ ಒಣಗಿದ ಮಚ್ಚೆ. ಅಂಚು ನೇರವಾಗಿರುತ್ತದೆ, ಅಂಟಿರುವುದಿಲ್ಲ, ಒರೆಸಿದ ಬಟ್ಟೆ ಬಿಳಿಯಾಗಿಯೇ ಇರುತ್ತದೆ. ಅನುಮಾನ ಬಂದರೆ ಅಮ್ಮ ನನ್ನ ಬಾಲ್‌ಪೆನ್ನಿನಿಂದಲೇ ಗಾಯದ ಸುತ್ತ ಗೆರೆ ಎಳೆಸುತ್ತಿದ್ದಳು. ವಾರ ಬಿಟ್ಟು ನೋಡಿದಾಗ ಗಾಯ ಗೆರೆ ದಾಟಿದ್ದರೆ ಏನೋ ಜೀವ ಇದೆ ಎಂದು ಅರ್ಥ. ದಾಟದಿದ್ದರೆ ಅದು ಮುಗಿದುಹೋದ ಪೆಟ್ಟು. ಜರೀನಾ ಆಂಟಿಯ ಎದುರು ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ನ ಕಣ್ಣು ಇವಳೇ. ಇವಳು ಹುಳ ಅಂದ್ರೆ ಹುಳ, ಅಲ್ಲ ಅಂದ್ರೆ ಅಲ್ಲ," ಅನ್ನುವಳು. ಶಾಲೆಯಲ್ಲಿ ನಾನು ಅಂಥ ಜಾಣೆಯೇನೂ ಆಗಿರಲಿಲ್ಲ. ಆ ಮಾತಿಗಾಗಿಯೇ ನಾನು ಮೆಟ್ಟಿಲು ಹತ್ತುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಎಲೆಗಳ ಮೇಲೆ ಹೊಸ ಥರದ ಗುರುತು ಕಾಣಿಸಿಕೊಂಡಿತು. ಚಂದ್ರನ ಚೂರಿನ ಹಾಗೆ ಬಾಗಿದ ಸಣ್ಣ ಗಾಯ, ಒಂದರ ಪಕ್ಕ ಒಂದು. ಒಣಗಿದ ಮೇಲೆ ಕಂದಾಗಿ, ದೂರದಿಂದ ನೋಡಿದರೆ ಯಾವುದೋ ಹುಳ ಕಚ್ಚಿದಂತೆ ಕಾಣುತ್ತಿತ್ತು. ಎಲೆ ತಿರುಗಿಸಿದೆ, ಅಡಿ ಚೊಕ್ಕಟವಾಗಿತ್ತು. ಕರ್ಚೀಫಿನಿಂದ ಒರೆಸಿದೆ, ಕಲೆ ಹತ್ತಲಿಲ್ಲ. ಪೆನ್ನಿನ ಗೆರೆ ಹಾಕಿ ವಾರ ಬಿಟ್ಟೆ. ಹಳೆಯ ಗಾಯ ಗೆರೆಯೊಳಗೇ ಇತ್ತು, ಗೆರೆಯಾಚೆ ಬೇರೆ ಕಡೆ ಹೊಸವು ಬಂದಿದ್ದವು. ಇನ್ನೊಂದು ವಿಷಯ ನನ್ನನ್ನು ಕಾಡಿತು. ಗುಬ್ಬಿಯಿಂದ ಬಂದ ಗಿಡಗಳಿಗೆ ಮಾತ್ರ ಹೀಗಾಗಿತ್ತು. ಅವುಗಳ ನಡುವೆಯೇ ತೂಗುತ್ತಿದ್ದ ಬೆಂಗಳೂರಿನ ಗಿಡಗಳ ಒಂದೆಲೆಗೂ ಏನೂ ಆಗಿರಲಿಲ್ಲ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದೆ. ಅಮ್ಮ ತರಕಾರಿಗೆ ಹೋಗಿದ್ದಳು. ಒಣಗಿದ ಬಟ್ಟೆ ತರೋಣ ಎಂದು ಮೇಲೆ ಹತ್ತಿದರೆ, ಸಂಡಿಗೆ ಹಾಕಲು ಬಂದಿದ್ದ ಅತ್ತೆ ಸಂಡಿಗೆ ಹರಡಿದ ಸೀರೆಯ ಹತ್ತಿರ ಇರಲಿಲ್ಲ. ನೆಟ್ಟಿನ ಒಳಗೆ ನಿಂತಿದ್ದರು. ಎಡಗೈಯಲ್ಲಿ ಎಲೆಯನ್ನು ಮೆಲ್ಲಗೆ ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ಅದಕ್ಕೆ ಒತ್ತುತ್ತಿದ್ದರು. ಒತ್ತಿ, ಸ್ವಲ್ಪ ಪಕ್ಕಕ್ಕೆ ಸರಿಸಿ, ಮತ್ತೆ ಒತ್ತುತ್ತಿದ್ದರು. ಮುಖದಲ್ಲಿ ಕೋಪವಿರಲಿಲ್ಲ. ಕಾಳು ಹಿದುಕುವಾಗಿನ ಅದೇ ಮುಖ. ನನ್ನನ್ನು ಕಂಡು ಕೈ ತೆಗೆದರು.

"ಹುಳ ಐತೆ ಕಣೆ ಇದ್ರಾಗೆ. ಹಿಸುಕಾಕ್ತಿದ್ದೆ," ಅಂದರು. "ಬಟ್ಟೆ ತಗೊಂಡು ಕೆಳಗಿಳಿ, ಬಿಸಿಲು."

ಅಮ್ಮ ಬಂದ ಮೇಲೆ ಅವಳನ್ನು ಕೈಹಿಡಿದು ಮೇಲಕ್ಕೆ ಕರೆದೊಯ್ದು ಎಲ್ಲ ಹೇಳಿದೆ. ಅಮ್ಮ ಎಲೆಯನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಕಾಣದೆ, ಬೆರಳ ತುದಿಯಿಂದ ಗಾಯವನ್ನು ಸವರಿದಳು. ಆಮೇಲೆ ತನ್ನ ಹೆಬ್ಬೆರಳಿನ ಉಗುರನ್ನೇ ಒಂದು ಗಾಯದ ಮೇಲೆ ಇಟ್ಟು ನೋಡಿದಳು. ಅಳತೆ ಹೆಚ್ಚು ಕಡಿಮೆ ಸರಿಯಾಗಿ ಕೂತಿತು.

"ಹೌದು," ಅಂದಳು. "ಉಗುರೇ."

"ಅಪ್ಪಂಗೆ ಹೇಳ್ತೀಯಾ?"

"ನಾನು ನೋಡ್ಕೋತೀನಿ. ನೀನು ಸುಮ್ನಿರು."

ನಾನು ಸುಮ್ಮನಿದ್ದೆ, ಅವಳು ನೋಡಿಕೊಳ್ಳುತ್ತಾಳೆ ಎಂಬ ಧೈರ್ಯದಲ್ಲಿ. ಮರುದಿನ ಭಾನುವಾರ. ಬೆಳಿಗ್ಗೆ ತಿಂಡಿಗೆ ಉಪ್ಪಿಟ್ಟು. ಅತ್ತೆ ತಟ್ಟೆ ಮುಂದಿಟ್ಟುಕೊಂಡು ತಿನ್ನದೆ ಕೂತರು. ಏನಾಯಿತು ಅಕ್ಕಯ್ಯ ಎಂದು ಅಪ್ಪ ಕೇಳಿದರು.

"ಪಕ್ಕದ ಮನೆ ಗಿಡದಿಂದ ಹುಳ ಬಂದದೆ ಕಣೋ. ಎಲೆಯೆಲ್ಲ ತಿಂದಾಕ್ಬುಟ್ಟೈತೆ. ಇವತ್ತು ಗಿಡಕ್ಕೆ ಬಂತು, ನಾಳೆ ಸಂಡಿಗೆಗೆ, ಅಕ್ಕಿಗೆ. ಅವ್ರು ತಂದಿದ್ದನ್ನ ಅವ್ರಿಗೆ ಕೊಟ್ಟು ಕಳಿಸ್ಬುಡು. ಬರೋದು ಹೋಗೋದೂ ಅತಿಯಾಯ್ತು."

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಉಪ್ಪಿಟ್ಟಿನ ಪಾತ್ರೆಗೆ ಮುಚ್ಚಳ ಮುಚ್ಚುತ್ತಿದ್ದಳು. ಅಪ್ಪ ಎದ್ದು ನಿಂತು, ಬನ್ನಿ ನೋಡೋಣ ಎಂದು ಮೇಲೆ ಹೊರಟರು. ನಾವೆಲ್ಲ ಅವರ ಹಿಂದೆ ಹತ್ತಿದೆವು. ಮಾತು ಕೇಳಿಸಿ ಜರೀನಾ ಆಂಟಿಯೂ ತಮ್ಮ ತಾರಸಿಗೆ ಬಂದರು. ಯಾವಾಗಿನಂತೆ ಗೋಡೆ ದಾಟಲು ಒಂದು ಕಾಲೆತ್ತಿದವರು, ಎಲ್ಲರ ಮುಖ ನೋಡಿ ಕಾಲು ಇಳಿಸಿ ಅಲ್ಲೇ ನಿಂತರು.

ಅಪ್ಪ ಒಂದು ಎಲೆ ಹಿಡಿದು, "ಹೌದಲ್ಲ, ಏನೋ ತಿಂದಿದೆ," ಅಂದರು. ಅವರು ಎಲೆಯನ್ನು ತಿರುಗಿಸಿ ನೋಡಲೇ ಇಲ್ಲ.

ನಾನು ಕಾಯುತ್ತಿದ್ದೆ. ಅಮ್ಮ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂದುಕೊಳ್ಳುತ್ತಿದ್ದೆ. ಅವಳು ಮರಳಿನ ಮೇಲೆ ಬಿದ್ದಿದ್ದ ಒಣ ಎಲೆಗಳನ್ನು ಆರಿಸುತ್ತಿದ್ದಳು. ಕೊನೆಗೆ ನಾನೇ ಬಾಯಿಬಿಟ್ಟೆ.

"ಅದು ಹುಳ ಅಲ್ಲಪ್ಪ. ಹುಳ ಆದ್ರೆ ಅಡೀಲಿ ಇರ್ಬೇಕಿತ್ತು. ಒರೆಸಿ ನೋಡಿದೀನಿ, ಏನೂ ಇಲ್ಲ. ಗುಬ್ಬಿ ಗಿಡಕ್ಕೆ ಮಾತ್ರ ಆಗಿದೆ, ಮಧ್ಯದಲ್ಲಿರೋ ಬೇರೆ ಗಿಡಕ್ಕೆ ಆಗಿಲ್ಲ. ಯಾವ ಗಿಡ ಯಾರು ಕೊಟ್ಟಿದ್ದು ಅಂತ ಹುಳಕ್ಕೆ ಹೆಂಗೆ ಗೊತ್ತಾಗುತ್ತೆ? ಅದು ಉಗುರಿಂದು. ಅಮ್ಮಂಗೂ ಗೊತ್ತು."

ಅತ್ತೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು, ಬಲಗೈ ಅದರೊಳಗೆ ಹೋಯಿತು. ಅಪ್ಪ ಕನ್ನಡಕ ತೆಗೆದು ಅಮ್ಮನನ್ನು ಕೇಳಿದರು.

"ಏನಿದು ಶಾರದಾ? ಯಾರ ಉಗುರು?"

ಅಮ್ಮ ನನ್ನ ಕಡೆ ನೋಡಲಿಲ್ಲ. ಜರೀನಾ ಆಂಟಿಯ ಕಡೆಯೂ ನೋಡಲಿಲ್ಲ. ಕೈಯಲ್ಲಿದ್ದ ಒಣ ಎಲೆಗಳನ್ನು ಮುಷ್ಟಿಯಲ್ಲಿ ಒತ್ತಿಕೊಂಡು ಹೇಳಿದಳು.

"ಅವಳ ಮಾತು ಏನ್ ಕೇಳ್ತೀರ. ಚಿಕ್ಕವಳು, ಅವಳಿಗೇನ್ ಗೊತ್ತಾಗುತ್ತೆ. ಹುಳಾನೇ ಇರ್ಬೇಕು."

ಆ ಕ್ಷಣದಲ್ಲಿ ನನಗೆ ಅಳು ಬರಲಿಲ್ಲ. ನಾನು ಎಲೆ ಹಿಡಿದಿದ್ದ ಕೈಯನ್ನು ನೋಡಿಕೊಂಡೆ. ಆ ಬೆರಳುಗಳಿಗೆ ಗೊತ್ತಿದ್ದದ್ದೆಲ್ಲ ಅಮ್ಮನೇ ಕಲಿಸಿದ್ದು. ಅತ್ತೆ ಉಗುರು ಒತ್ತಿದ್ದನ್ನು ಕಂಡಾಗ ನನಗೆ ಹೆದರಿಕೆಯಾಗಿತ್ತು, ನೋವಾಗಿರಲಿಲ್ಲ. ಈಗ ಆದದ್ದೇ ಬೇರೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವಳು ಹೇಳಿದ್ದರೂ ಜಗಳವಾಡಬಹುದಿತ್ತು. ನನಗೇನೂ ಗೊತ್ತಾಗುವುದಿಲ್ಲ ಎಂದುಬಿಟ್ಟಳು.

ಜರೀನಾ ಆಂಟಿ ಗೋಡೆಯಾಚೆಯಿಂದಲೇ ಕೈಚಾಚಿ ಹತ್ತಿರದ ಕುಂಡದ ಎಲೆಯೊಂದನ್ನು ತಿರುಗಿಸಿದರು. ತಮ್ಮ ಬಿಳಿ ದುಪಟ್ಟಾದ ತುದಿಯಿಂದ ಅಡಿಯನ್ನು ಒರೆಸಿ, ದುಪಟ್ಟಾ ನೋಡಿದರು. ಆಮೇಲೆ ಅಮ್ಮನನ್ನು ನೋಡಿದರು. ತುಂಬ ಹೊತ್ತು ನೋಡಿದರು ಎಂದು ನನ್ನ ನೆನಪು, ಆದರೆ ಅಷ್ಟೇನೂ ಇರಲಾರದು.

"ಸರಿ ಶಾರದಕ್ಕ. ಹುಳ ಅಂದ್ರೆ ಬೇಡ. ಕೊಡಿ, ನಾನು ಇಟ್ಕೋತೀನಿ," ಅಂದರು.

ಅಪ್ಪನಿಗೆ ಮುಜುಗರವಾಯಿತು. "ತಪ್ಪು ತಿಳ್ಕೋಬೇಡಿ. ಸ್ವಲ್ಪ ದಿನ ಬೇರೆ ಇರ್ಲಿ ಅಂತ ಅಷ್ಟೆ," ಎಂದು ಏನೋ ಹೇಳಿದರು. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕುಂಡಗಳನ್ನು ಅವರೇ ಒಂದೊಂದಾಗಿ ತಂತಿಯಿಂದ ಬಿಚ್ಚಿ ಗೋಡೆಯ ಮೇಲೆ ಇಟ್ಟರು. ಆಂಟಿ ಒಂದೊಂದಾಗಿ ಇಳಿಸಿಕೊಂಡರು. ಅಮ್ಮ ಸಹಾಯಕ್ಕೂ ಬರಲಿಲ್ಲ, ಕೆಳಗೂ ಹೋಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡರು, ನನ್ನ ತಟ್ಟೆಗೆ ತುಪ್ಪ ಬಡಿಸಿದರು. ನಾನು ತಿಂದೆ. ಆ ಮನೆಯಲ್ಲಿ ಊಟದ ಮೇಲೆ ಸಿಟ್ಟು ತೋರಿಸುವ ಅಭ್ಯಾಸ ಅತ್ತೆಯೊಬ್ಬರಿಗೇ ಇತ್ತು.

ಮರುದಿನ ಶಾಲೆಯಿಂದ ಬಂದಾಗ ಅಮ್ಮ ಮೇಲಿನಿಂದ ಕೂಗಿದಳು. "ಮಂಜು, ಬಾ, ಎಲೆ ನೋಡು." ಏನೂ ಆಗಿಲ್ಲದ ಹಾಗೆ, ಅದೇ ದನಿ. ನಾನು ಮೆಟ್ಟಿಲ ಬುಡದಲ್ಲಿ ನಿಂತು, ನಂಗೇನು ಗೊತ್ತಾಗುತ್ತೆ ಅಂದೆ. ಅವಳು ಇನ್ನೊಮ್ಮೆ ಕೂಗಲಿಲ್ಲ. ಸಂಜೆ ಇಬ್ಬರೇ ಇದ್ದಾಗ ನನ್ನ ಗಲ್ಲ ಮುಟ್ಟಲು ಬಂದಳು. ನಾನು ಪುಸ್ತಕ ತೆಗೆದುಕೊಂಡು ಅತ್ತೆಯ ಕೋಣೆಗೆ ಹೋಗಿ ಕೂತೆ. ಅತ್ತೆಯ ಮೇಲೆ ನನಗೆ ದ್ವೇಷ ಹುಟ್ಟಲೇ ಇಲ್ಲ ಎಂಬುದು ಇವತ್ತಿಗೂ ಆಶ್ಚರ್ಯ. ಅವರು ಅಮ್ಮನನ್ನು ಮರಳಿ ಪಡೆಯಲು ಹಾಗೆ ಮಾಡಿದ್ದರು. ಮಕ್ಕಳಿಗೆ ಅದು ಅರ್ಥವಾಗುತ್ತದೆ. ಅಮ್ಮ ಮಾಡಿದ್ದು ಅರ್ಥವಾಗಲಿಲ್ಲ.

ಜರೀನಾ ಆಂಟಿ ಮತ್ತೆ ಗೋಡೆ ದಾಟಲಿಲ್ಲ. ಬೀದಿಯಲ್ಲಿ ಸಿಕ್ಕರೆ ನಗುತ್ತಿದ್ದರು, ಚೆನ್ನಾಗಿದೀಯಾ ಮಂಜು ಅನ್ನುತ್ತಿದ್ದರು. ಆ ವರ್ಷ ಸಂಕ್ರಾಂತಿಯ ಎಳ್ಳು ಬೆಲ್ಲವನ್ನು ಅಮ್ಮ ಪೊಟ್ಟಣ ಕಟ್ಟಿ ಗೋಡೆಯ ಮೇಲಿಟ್ಟಳು, ಕೂಗಲಿಲ್ಲ. ಮಾರನೆಯ ದಿನ ಪೊಟ್ಟಣ ಅಲ್ಲಿರಲಿಲ್ಲ. ಅವರು ತೆಗೆದುಕೊಂಡರೋ ಅಳಿಲು ಎಳೆಯಿತೋ ನಮಗೆ ಗೊತ್ತಾಗಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಅವರು ಗುಬ್ಬಿಗೆ ಮನೆ ಬದಲಾಯಿಸಿದರು. ಗಂಡನ ಅಂಗಡಿಯೂ ಅಲ್ಲಿಗೇ ಹೋಯಿತು. ಟೆಂಪೋಗೆ ಸಾಮಾನು ತುಂಬುವ ದಿನ ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತಿದ್ದಳು. ಕುಂಡಗಳು ಕೊನೆಯಲ್ಲಿ ಹತ್ತಿದವು. ಎಲ್ಲ ಹೂ ಬಿಟ್ಟಿದ್ದವು.

ಮಧ್ಯಾಹ್ನಗಳಲ್ಲಿ ಈಗ ಅತ್ತೆ ಮಂಡಿ ಹಿಡಿದುಕೊಂಡು ತಾರಸಿ ಹತ್ತತೊಡಗಿದರು. ನೆಟ್ಟಿನ ಕೆಳಗೆ ಚಾಪೆ ಹಾಸಿ ಅಮ್ಮನ ಜೊತೆ ಕೂರುತ್ತಿದ್ದರು. ಗೂಳೂರಿಗೆ ಹೋಗಿದ್ದವರು ಬರುವಾಗ ಯಾರದೋ ಮನೆಯ ಅಂಗಳದಿಂದ ದಾಸವಾಳದ ಗಿಡವೊಂದನ್ನು ತಂದು, ಇದೂ ಇರಲಿ ಶಾರದಾ, ದೇವರಿಗಾಗುತ್ತೆ ಎಂದು ಆರ್ಕಿಡ್‌ಗಳ ಪಕ್ಕ ಇಟ್ಟರು. ಅದರ ತುದಿಯಲ್ಲೆಲ್ಲ ಬಿಳಿ ಹತ್ತಿ. ನಾನು ನೋಡಿದ ಕೂಡಲೇ ಅಮ್ಮನಿಗೆ ಹೇಳಿದೆ, ಎಷ್ಟೇ ಮುನಿಸಿದ್ದರೂ ಗಿಡಗಳ ಮುಖ ನೋಡಿ ಹೇಳಿದೆ. ಹಿಟ್ಟು ತಿಗಣೆ ಅಮ್ಮ, ತೆಗೆಸು ಅಂದೆ. ಅವಳು ಬೆರಳಿನಿಂದ ಸವರಿದಳು, ಅಂಟು ತಾಗಿತು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ವಾರ ಕಳೆದು ಆರ್ಕಿಡ್‌ಗಳ ಎಲೆಯ ಬುಡದಲ್ಲೂ ಹತ್ತಿ ಕೂತಿತು, ತಂತಿಯ ಮೇಲೆ ಇರುವೆ ಸಾಲು ಹತ್ತಿತು. ಎಲೆಗಳು ಹಳದಿಯಾಗಿ ಉದುರತೊಡಗಿದಾಗ ಅಪ್ಪ ಕೇಳಿದರು, ಈಗೇನಾಯಿತು ಎಂದು. ಅತ್ತೆ ಪಕ್ಕದಲ್ಲೇ ಇದ್ದರು.

"ಬಿಸಿಲು ಜಾಸ್ತಿ ಈ ಸಲ. ನೆಟ್ಟು ಹರಿದಿದೆ, ಎಲೆ ಸುಟ್ಟಿದೆ," ಅಂದಳು ಅಮ್ಮ.

ಉಗುರಿನ ಗಾಯವನ್ನು ಹುಳ ಎಂದವಳು ಹುಳವನ್ನು ಬಿಸಿಲು ಎಂದಳು. ಎರಡೂ ಸಲ ಅವಳಿಗೆ ನಿಜ ಗೊತ್ತಿತ್ತು. ಅತ್ತೆ ಮಲಗಿದ ಹೊತ್ತಿನಲ್ಲಿ ಅವಳು ಒಬ್ಬಳೇ ಮೇಲೆ ಕೂತು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಎಲೆಯ ಸಂದಿಗಳನ್ನು ತಡಕಿ ತಡಕಿ ಒರೆಸುವುದನ್ನು ನಾನು ಮೆಟ್ಟಿಲಿನಿಂದ ನೋಡಿದ್ದೇನೆ. ಕಣ್ಣು ಕಾಣದೆ ಅರ್ಧ ಬಿಟ್ಟುಹೋಗುತ್ತಿತ್ತು. ನಾನು ಹೋಗಿ ಪಕ್ಕ ಕೂತು ತೋರಿಸಿದೆ, ಇಲ್ಲಿ, ಇಲ್ಲಿ ಎಂದು. ದಾಸವಾಳ ಪಕ್ಕದಲ್ಲೇ ಇರುವ ತನಕ ಒರೆಸಿ ಉಪಯೋಗವಿರಲಿಲ್ಲ, ಅದನ್ನು ಎತ್ತಿಡು ಎಂದು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮಳೆ ಬರುವ ಹೊತ್ತಿಗೆ ಕುಂಡಗಳಲ್ಲಿ ಇದ್ದಿಲು ಮಾತ್ರ ಉಳಿಯಿತು. ಪೈಪುಗಳಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದೆವು.

ನಾನು ಈಗ ಕೆಲಸ ಮಾಡುವುದು ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ದಿನವಿಡೀ ಮೈಕ್ರೋಸ್ಕೋಪಿನ ಕೆಳಗೆ ಇರುವುದನ್ನು ಇದೆ ಎಂದೂ ಇಲ್ಲದ್ದನ್ನು ಇಲ್ಲ ಎಂದೂ ಬರೆಯುತ್ತೇನೆ. ಡಾಕ್ಟರು ಫೋನ್ ಮಾಡಿ, ಇದು ಖಾತ್ರಿಯಾ, ಇನ್ನೊಂದ್ಸಲ ನೋಡ್ತೀರಾ ಅಂದರೆ ಬೇರೆಯವರಿಗೆ ಬೇಸರವಾಗುತ್ತದೆ. ನನ್ನೊಳಗೆ ಬರುವುದು ಬೇಸರಕ್ಕಿಂತ ದೊಡ್ಡದು. ನಾಲ್ಕು ಸಲ ನೋಡುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಜನರ ಮುಂದೆ ತಮಾಷೆಗೆ, ಇವಳಿಗೇನು ಗೊತ್ತು ಎಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ. ಕಾರಣ ಹೇಳಲು ನನಗೇ ಆಗಿರಲಿಲ್ಲ.

ಹೋದ ವರ್ಷ ಲ್ಯಾಬಿನ ಕಡೆಯಿಂದ ಗುಬ್ಬಿಯಲ್ಲಿ ಶುಗರ್ ಪರೀಕ್ಷೆಯ ಕ್ಯಾಂಪು ಇಟ್ಟಿದ್ದರು. ಸಾಲಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ತೋಳು ಮುಂದೆ ಚಾಚಿ ನನ್ನ ಮುಖವನ್ನೇ ನೋಡಿದರು. ಶಾರದಕ್ಕನ ಮಗಳಲ್ವಾ ಅಂದರು. ರಕ್ತ ತೆಗೆದು, ಹತ್ತಿ ಒತ್ತಿ, ಜನ ಕಡಿಮೆಯಾದ ಮೇಲೆ ಅವರ ಪಕ್ಕ ಹೋಗಿ ಕೂತೆ. ಗಂಡ ಹೋಗಿದ್ದರು, ಅಣ್ಣನೂ ಹೋಗಿದ್ದರು. ಗಿಡಗಳು ಇದ್ದವಂತೆ. ಅಮ್ಮ ಹೇಗಿದ್ದಾಳೆ ಎಂದು ಕೇಳಿದರು. ಅಪ್ಪ, ಅತ್ತೆ ಇಬ್ಬರೂ ತೀರಿಕೊಂಡರು, ಅಮ್ಮ ನನ್ನ ಜೊತೆಗೇ ಇದ್ದಾಳೆ ಎಂದೆ. ಆಮೇಲೆ ತಡೆಯಲಾಗದೆ ಕೇಳಿಬಿಟ್ಟೆ.

"ಆಂಟಿ, ಆವತ್ತು ನಿಮಗೆ ಗೊತ್ತಾಗಿತ್ತಲ್ವಾ?"

"ಗೊತ್ತಾಗಿತ್ತು ಕಣಮ್ಮ. ಅವರ ಮನೇಲಿ ಅವರಿಗೆ ಏನೇನ್ ಕಷ್ಟಾನೋ, ನಾನ್ಯಾಕೆ ಬಾಯಿ ಹಾಕ್ಲಿ ಅಂದ್ಕೊಂಡೆ. ಆಮೇಲೆ ಒಂದ್ಸಲ ಬಂದು, ಜರೀನಾ, ಹಿಂಗಾಯ್ತು ಅಂತ ಹೇಳ್ತಾರೆ ಅಂತ ಕಾಯ್ದೆ. ಮನೆ ಖಾಲಿ ಮಾಡೋ ದಿನಾನೂ ಕಾಯ್ದೆ. ಕಿಟಕೀಲಿ ನಿಂತಿದ್ದು ಕಾಣ್ತಿತ್ತು." ತೋಳಿನ ಹತ್ತಿ ತೆಗೆದು ನೋಡಿ, ರಕ್ತ ನಿಂತಿದೆ ಎಂದು ಗೊತ್ತಾದ ಮೇಲೆ ಹೇಳಿದರು, "ನನ್ ಮಾತು ಬಿಡು. ನೀನು ಅಷ್ಟುದ್ದ ಇದ್ಕೊಂಡು ನಿಜ ಹೇಳ್ದೆ. ನಿನ್ನ ಯಾರೂ ಕೈ ಹಿಡೀಲಿಲ್ಲ. ನಾನೂ ಹಿಡೀಲಿಲ್ಲ."

ಅಷ್ಟು ವರ್ಷಗಳಲ್ಲಿ ನನಗೆ ಆ ಮಾತು ಹೇಳಿದವರು ಅವರೊಬ್ಬರೇ. ಹೇಳಬೇಕಾಗಿದ್ದವರು ಅವರಾಗಿರಲಿಲ್ಲ.

ಸಂಜೆ ಮನೆಗೆ ಬಂದೆ. ಅಮ್ಮ ಹಾಲಿನಲ್ಲಿ ಚಾಪೆಯ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಕಣ್ಣಿನ ಆಪರೇಷನ್ ಆದ ಮೇಲೆ ಅವಳಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ. ಕೈಕಾಲು ತೊಳೆದು ಬಂದು ಅವಳ ಎದುರು ಕೂತು, ಜರೀನಾ ಆಂಟಿ ಸಿಕ್ಕಿದ್ದನ್ನು, ಅವರು ಕಾಯ್ದದ್ದನ್ನು ಹೇಳಿದೆ. ಅವಳ ಕೈ ನಿಂತಿತು. ಚೆನ್ನಾಗಿದಾಳಾ ಎಂದಷ್ಟೇ ಕೇಳಿದಳು. ನಾನು ಹೂಂ ಅಂದು, ಬಾಲ್ಯದಿಂದ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ.

"ಯಾಕಮ್ಮಾ ಹಂಗಂದೆ ಆವತ್ತು?"

ಯಾವತ್ತು ಎಂದು ಅವಳು ಕೇಳಲಿಲ್ಲ. ಹೆಚ್ಚು ಯೋಚಿಸಲೂ ಇಲ್ಲ. ಉತ್ತರವನ್ನು ಅವಳು ಎಂದೋ ಯೋಚಿಸಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ.

"ನಿಮ್ಮತ್ತೆ ಜೊತೆ ನಾನು ಸಾಯೋ ತನಕ ಒಂದೇ ಮನೇಲಿ ಇರ್ಬೇಕಾಗಿತ್ತು. ಅವರ ಹೆಸರು ಹೇಳಿದ್ರೆ ನಿಮ್ಮಪ್ಪ ನನ್ನನ್ನ ಮತ್ತೆ ಅದೇ ಥರ ನೋಡ್ತಿರ್ಲಿಲ್ಲ. ಜರೀನಾ ಬಾಡಿಗೆ ಮನೆಯೋಳು. ಇವತ್ತಲ್ಲ ನಾಳೆ ಹೋಗೋಳು."

"ನಾನು?"

ಅಮ್ಮ ಕೈಯಲ್ಲಿದ್ದ ಹುರುಳಿಕಾಯಿಯನ್ನು ಎರಡಾಗಿ ಮುರಿದು ತಟ್ಟೆಗೆ ಹಾಕಿದಳು.

"ನೀನು ಮಗಳು. ನನ್ನ ಬಿಟ್ಟು ಎಲ್ಲಿಗೆ ಹೋಗ್ತೀಯ ಅಂದ್ಕೊಂಡೆ."

ಅವಳು ಅಂದುಕೊಂಡದ್ದು ಸರಿಯಾಗಿತ್ತು. ನಾನೆಲ್ಲಿಗೂ ಹೋಗಿರಲಿಲ್ಲ. ಅವಳ ಕಣ್ಣಿನ ಆಪರೇಷನ್ ಮಾಡಿಸಿದ್ದು ನಾನು, ಅವಳ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಕೊಡುವುದು ನಾನು. ಯಾರನ್ನು ನೋಯಿಸಿದರೆ ನಷ್ಟವಿಲ್ಲ ಎಂದು ಆ ಬೆಳಿಗ್ಗೆ ಅವಳು 'ಹುಳಾನೇ' ಎನ್ನುವ ಮೊದಲು ಮನಸ್ಸಿನಲ್ಲಿ ತೂಗಿ ನೋಡಿದ್ದಳು. ಗೊತ್ತಿಲ್ಲದೆ, ಹೆದರಿ ಬಾಯಿತಪ್ಪಿ ಅಂದಳು ಎಂದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು. ಎದ್ದು ಹೋಗಿ ಸಂಜೆಯ ಮಾತ್ರೆ ತಂದೆ, ನೀರು ಕೊಟ್ಟೆ. ಅವಳು ನುಂಗಿ, ಲೋಟ ವಾಪಸು ಕೊಡುತ್ತ ನನ್ನ ಮುಖ ನೋಡಿದಳು.

"ಕೋಪಾನಾ ನನ್ ಮೇಲೆ?"

"ಹೂಂ," ಅಂದೆ.

ಆ ಮಾತನ್ನು ಅವಳೆದುರು ಹೇಳಿದ್ದು ಅದೇ ಮೊದಲು. ಅವಳು ತಲೆಯಾಡಿಸಿ, ಸ್ವಲ್ಪ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಬಿಟ್ಟಳು. ನಾನು ಕೂರಲಿಲ್ಲ. ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋದೆ.